ಇನ್ನೊಬ್ಬನ ಹೆಸರು

ಫೆಬ್ರವರಿ 11

ಹುಡುಗೀ,

ಪ್ರೀತಿಯ, ಮುದ್ದಿನ ಅಂತೆಲ್ಲ ಶುರು ಮಾಡೋಕೆ ನನ್ನಿಂದ ಆಗಲ್ಲ. ಹೋದ ಆಗಸ್ಟಿನಲ್ಲಿ ನೀನು ಮೇಲ್ಸೇತುವೆಯಿಂದ ಎಸೆದ ಕಲ್ಲು ಒಂದು ಬಸ್ಸಿನ ಮುಂದಿನ ಗಾಜು ಒಡೆದು ಒಳಗೆ ಬಂತಲ್ಲ, ಆ ಬಸ್ಸು ಓಡಿಸ್ತಿದ್ದವನು ನಾನು.

ನಿಮ್ಮ ಸುಧಾರಣಾ ಗೃಹದ ಮೇಡಂ ಹೋದ ವಾರ ನಮ್ಮ ಮನೆಗೆ ಬಂದಿದ್ದರು. "ಆ ಹುಡುಗಿ ನಿಮಗೊಂದು ಪತ್ರ ಬರೀಬೇಕು ಅಂತಿದಾಳೆ, ತಗೋತೀರಾ?" ಅಂತ ಕೇಳಿದರು. ನಾನಂದೆ, ಅವಳೇನು ಬರೆಯೋದು, ಮೊದಲು ನಾನು ಬರೀತೀನಿ, ನನಗೆ ಕೇಳೋದು ಬೇಕಾದಷ್ಟಿದೆ. ಮೇಡಂ ಇದನ್ನ ನಿರೀಕ್ಷಿಸಿರಲಿಲ್ಲ ಅಂತ ಕಾಣುತ್ತೆ. ಟೀ ಅರ್ಧಕ್ಕೇ ಬಿಟ್ಟು ಎದ್ದರು.

ಅಕ್ಷರ ನನ್ನದಲ್ಲ, ನನ್ನ ಮಗನದು. ನಾನು ಹೇಳ್ತಾ ಹೋಗ್ತೀನಿ, ಅವನು ಬರೀತಾನೆ. ಎಡಗಣ್ಣು ಪೂರ್ತಿ ಹೋಯ್ತು. ಬಲಗಣ್ಣಿಗೂ ಗಾಜಿನ ಪುಡಿ ಹೊಕ್ಕಿತ್ತು. ಎರಡು ಆಪರೇಷನ್ ಆದಮೇಲೆ ಈಗ ದಾರಿ ಕಾಣುತ್ತೆ, ಮುಖ ಕಾಣುತ್ತೆ, ಅಕ್ಷರ ಕಾಣಲ್ಲ. ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಔಷಧಿ ಬಿಡೋನೂ ಮಗನೇ. ಹದಿನೈದು ವರ್ಷದವನು. ಶಾಲೆಯಿಂದ ಓಡಿಬಂದು, ಕೈ ತೊಳೆದು, ರೆಪ್ಪೆ ಬಿಡಿಸಿ ಹಿಡೀತಾನೆ. ಒಂದು ಹನಿ ಆಚೆ ಈಚೆ ಬೀಳಲ್ಲ. ನಿನ್ನ ವಯಸ್ಸಿನವರಲ್ಲಿ ಇಂಥವರೂ ಇದಾರೆ ಅಂತ ನಿನಗೆ ಗೊತ್ತಾಗಲಿ.

ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದೆ. ಒಂದು ನಾಯಿಗೂ ತಾಗಿಸಿಲ್ಲ. ಈಗ ಡಿಪೋದ ಸ್ಟೋರಿನಲ್ಲಿ ಕೂರಿಸಿದ್ದಾರೆ. ಬೋಲ್ಟು, ಬೇರಿಂಗು, ಬೆಲ್ಟು ಎತ್ತಿ ಕೊಡೋ ಕೆಲಸ. ಮುಟ್ಟಿ ನೋಡಿ ಗುರುತು ಹಿಡೀತೀನಿ. ಹೊರಗೆ ಯಾವ ಬಸ್ಸು ಸ್ಟಾರ್ಟ್ ಆದರೂ ನನ್ನ ಬಲಗಾಲು ತಾನಾಗೇ ನೆಲ ಒತ್ತುತ್ತೆ. ಹುಡುಗರು ನೋಡಿ ನಗ್ತಾರೆ. ನಾನೂ ನಗ್ತೀನಿ, ಇನ್ನೇನು ಮಾಡಲಿ.

ನನ್ನ ಪ್ರಶ್ನೆ ಎರಡೇ. ಒಂದು, ಯಾಕೆ? ಎರಡು, ಸೇತುವೆ ಮೇಲೆ ಇಬ್ಬರಿದ್ದರು ಅಂತ ಕೆಳಗಿನ ಹಣ್ಣಿನ ಅಂಗಡಿಯವನು ಹೇಳಿದಾನೆ. ಮಕ್ಕಳ ಕೇಸು ನೋಡೋ ಮಂಡಳಿ ಮುಂದೆ ನೀನು ಮಾತ್ರ ಒಬ್ಬಳೇ ಇದ್ದೆ ಅಂದಿದೀಯ. ಆ ಇನ್ನೊಬ್ಬ ಯಾರು?

ಉತ್ತರ ಬರೆದರೆ ಬರಿ, ಬಿಟ್ಟರೆ ಬಿಡು.

ಇತಿ,
ಬಸ್ ಡ್ರೈವರ್


ಫೆಬ್ರವರಿ 27

ಡ್ರೈವರ್ ಸರ್ ಅವರಿಗೆ,

ನಿಮ್ಮ ಪತ್ರ ಮೇಡಂ ನನ್ನ ಕೈಗೆ ಕೊಟ್ಟರು. ಲಕೋಟೆ ಮೇಲಿನ ಅಕ್ಷರ ನೋಡಿದ್ದೇ ಅದನ್ನ ಮಗುಚಿ ಹಿಡ್ಕೊಂಡೆ. ಮೂರು ದಿನ ಒಡೀಲಿಲ್ಲ. ದಿಂಬಿನ ಕೆಳಗಿಟ್ಟು ಅದರ ಮೇಲೇ ಮಲಗಿದೆ.

ಯಾಕೆ ಅಂತ ಕೇಳಿದಿರಿ. ಉತ್ತರ ಕೇಳಿದರೆ ನಿಮಗೆ ಇನ್ನೂ ಸಿಟ್ಟು ಬರುತ್ತೆ. ಸದ್ದಿಗೋಸ್ಕರ ಸರ್. ಬಸ್ಸಿನ ನೆತ್ತಿ ಮೇಲೆ ಕಲ್ಲು ಬಿದ್ದರೆ ತಗಡಿನ ಡಬ್ಬ ಬಡಿದ ಹಾಗೆ ಢಣ್ ಅನ್ನುತ್ತೆ. ಅದನ್ನ ಕೇಳಿ ನಗೋದು. ಅಷ್ಟೇ. ನಿಮ್ಮ ಮೇಲೆ ಸಿಟ್ಟಿರಲಿಲ್ಲ, ಯಾರ ಮೇಲೂ ಇರಲಿಲ್ಲ. ಇಲ್ಲಿಯ ಕೌನ್ಸೆಲರ್ ಅಕ್ಕ ಹತ್ತು ಸಲ ಕೇಳಿದರು, ಮನೇಲಿ ಹೊಡೀತಿದ್ದರಾ, ಶಾಲೇಲಿ ಯಾರಾದರೂ ಪೀಡಿಸ್ತಿದ್ದರಾ ಅಂತ. ಹಾಗೇನಾದರೂ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಹೇಳೋಕೆ ಒಂದು ಕಾರಣ ಆದರೂ ಇರ್ತಿತ್ತು.

ಆದರೆ ಗಾಜು ಒಡೆದ ಸದ್ದು ಆ ಥರ ಇರಲಿಲ್ಲ. ನನ್ನ ನಗು ಬಾಯಲ್ಲೇ ನಿಂತುಹೋಯ್ತು. ಹೇಗೆ ಮೆಟ್ಟಿಲಿಳಿದೆನೋ ನೆನಪಿಲ್ಲ. ಬಸ್ಸು ದೀಪದ ಕಂಬಕ್ಕೆ ಒಂದು ಗೇಣು ಬಿಟ್ಟು ನಿಂತಿತ್ತು. ನೀವು ಬ್ರೇಕು ಒತ್ತಿಕೊಂಡೇ ಇದ್ದಿರಿ. ನಿಮ್ಮ ಮುಖಕ್ಕೆ ಸ್ವೆಟರ್ ಒತ್ತಿ ಹಿಡಿದವಳು ನಾನೇ ಸರ್. ನೀವು ನನ್ನ ಮಣಿಕಟ್ಟು ಹಿಡ್ಕೊಂಡು, "ಮಗು, ಒಳಗಡೆ ಯಾರಿಗೂ ಏನೂ ಆಗಿಲ್ವಲ್ಲ?" ಅಂತ ಕೇಳಿದಿರಿ. ನಾನು ಇಲ್ಲ ಅಂದೆ. ಆಂಬುಲೆನ್ಸ್ ಹೋದ ಮೇಲೆ ಪೊಲೀಸಿನವರು ಕಲ್ಲು ಎಸೆದವರು ಯಾರು ಅಂದರು. "ನಾನೇ" ಅಂದೆ. ಅವರಿಗೆ ನಂಬಿಕೆನೇ ಬರಲಿಲ್ಲ, ಇನ್ನೊಂದು ಸಲ ಕೇಳಿದರು.

ಕರುಣೆ ಗಿಟ್ಟಿಸೋಕೆ ಇದನ್ನ ಬರೀತಿಲ್ಲ. ನಿಮ್ಮ ಆ ಮಾತು ನನ್ನ ಕಿವಿಯಿಂದ ಹೋಗಿಲ್ಲ, ಅದಕ್ಕೆ.

ಇಲ್ಲಿ ಮೋಟರ್ ವೈಂಡಿಂಗ್ ಕಲೀತಿದೀನಿ. ಸುಟ್ಟುಹೋದ ಫ್ಯಾನಿನ ಹೊಟ್ಟೆಯಿಂದ ಹಳೇ ತಾಮ್ರದ ತಂತಿ ಕಿತ್ತು ಹೊಸದು ಸುತ್ತೋದು. ಸುತ್ತುವಾಗ ಲೆಕ್ಕ ತಪ್ಪಿದರೆ ಮೊದಲಿಂದ ಬಿಚ್ಚಬೇಕು. ಕಲಿಸೋ ಮೇಷ್ಟ್ರಿಗೆ ಕಿವಿ ಸ್ವಲ್ಪ ಮಂದ, ಕೂಗಿ ಕೂಗಿ ಎಣಿಸ್ತಾರೆ, ನಮಗೂ ಅದೇ ರೂಢಿ ಆಗಿದೆ. ಎಣಿಸೋ ಹೊತ್ತಿನಲ್ಲಿ ತಲೇಲಿ ಬೇರೆ ಏನೂ ಬರಲ್ಲ. ಅದು ನನಗೆ ಇಷ್ಟ.

ಎರಡನೇ ಪ್ರಶ್ನೆಗೆ ಉತ್ತರ, ನಾನು ಒಬ್ಬಳೇ ಇದ್ದೆ.

ಇತಿ,
ಸುಧಾರಣಾ ಗೃಹದಿಂದ, ಆ ಹುಡುಗಿ


ಮಾರ್ಚ್ 18

ಹುಡುಗೀ,

ಮಗ ನಿನ್ನ ಪತ್ರ ಓದಿ ಹೇಳಿದ. ಸದ್ದಿಗೋಸ್ಕರ ಅಂತೀಯಲ್ಲ! ಏಳು ತಿಂಗಳಿಂದ ಒಂದೊಂದು ಕಾರಣ ಕಟ್ಟಿಕೊಂಡು ಕೂತಿದ್ದೆ. ಯಾರೋ ದುಡ್ಡು ಕೊಟ್ಟು ಮಾಡಿಸಿದರು, ಯಾವತ್ತೋ ಸ್ಟಾಪಿನಲ್ಲಿ ನಿಲ್ಲಿಸಲಿಲ್ಲ ಅಂತ ಹಗೆ ಸಾಧಿಸಿದರು, ಹೀಗೆ. ಢಣ್ ಅನ್ನೋದಕ್ಕೆ ಒಂದು ಕಣ್ಣಾ? ನನ್ನ ಹೆಂಡತಿ ಕೇಳಿಸಿಕೊಂಡು ಅಡುಗೆಮನೇಲಿ ಲೋಟ ಕೈಬಿಟ್ಟಳು. ಅವಳು ಔಷಧಿ ಅಂಗಡೀಲಿ ಕೆಲಸ ಮಾಡೋಳು, ಗಾಜಿನ ಬಾಟಲಿ ಹಿಡಿಯೋ ಕೈ, ಇಷ್ಟು ವರ್ಷದಲ್ಲಿ ಒಂದನ್ನೂ ಕೆಳಗೆ ಹಾಕಿದವಳಲ್ಲ.

ಅವತ್ತು ಯಾರೋ ಒಬ್ಬಳು ಹೆಣ್ಣುಮಗಳು ನನ್ನ ಮುಖಕ್ಕೆ ಬಟ್ಟೆ ಒತ್ತಿ ಹಿಡಿದಿದ್ದಳು. ಅಷ್ಟು ಮಾಡದೇ ಇದ್ದಿದ್ದರೆ ರಕ್ತ ಹೋಗಿ ಉಳೀತಿರಲಿಲ್ಲ ಅಂತ ಡಾಕ್ಟರು ಅಂದರು. ಆಸ್ಪತ್ರೇಲಿ ಎಚ್ಚರ ಆದಮೇಲೆ ಎಷ್ಟು ಜನರನ್ನ ಕೇಳಿದೆನೋ, ಯಾರು ಅಂತ ಗೊತ್ತೇ ಆಗಲಿಲ್ಲ. ಒಂದೇ ರಸ್ತೆ, ಒಂದೇ ಹೊತ್ತು. ಮೇಲೆ ನೀನು, ಕೆಳಗೆ ಅವಳು. ಯೋಚನೆ ಮಾಡು.

ಈಗ ಕೆಲಸದ ಮಾತು. ನಿನ್ನ ಒಂದೂವರೆ ವರ್ಷದ ಶಿಕ್ಷೆ ಕಡಿಮೆ ಮಾಡಿ, ಹೊರಗೆ ಒಂದು ಅಂಗಡೀಲಿ ಕೆಲಸಕ್ಕೆ ಬಿಡಬೇಕೋ ಬೇಡವೋ ಅಂತ ಜೂನ್‌ನಲ್ಲಿ ಮಂಡಳಿ ಕೂರುತ್ತಂತೆ. ನನ್ನ ಅಭಿಪ್ರಾಯ ಬರೆದು ಕಳಿಸಿ ಅಂದಿದಾರೆ. ನೇರವಾಗಿ ಹೇಳ್ತೀನಿ. ಆ ಇನ್ನೊಬ್ಬನ ಹೆಸರು ಕೊಡು, ನಿನ್ನ ಪರವಾಗಿ ಬರೀತೀನಿ. ಕೊಡಲ್ವಾ, ನನ್ನಿಂದ ಒಂದಕ್ಷರ ಹೋಗಲ್ಲ. ಓಡಿಹೋದವನು ಎಲ್ಲೋ ಆರಾಮಾಗಿ ಊಟ ಮಾಡ್ತಾ ಕೂತಿದಾನೆ ಅನ್ನೋದು ನನ್ನ ಗಂಟಲಲ್ಲಿ ಮುಳ್ಳಾಗಿ ಕೂತಿದೆ.

ಇತಿ,
ಬಸ್ ಡ್ರೈವರ್


ಏಪ್ರಿಲ್ 3

ಡ್ರೈವರ್ ಸರ್,

ನಾನು ಒಬ್ಬಳೇ ಇದ್ದೆ. ನೀವು ಮಂಡಳಿಗೆ ಬೇಡ ಅಂತ ಬರೆದರೂ ತಪ್ಪಿಲ್ಲ, ಅದು ನಿಮ್ಮ ಹಕ್ಕು.

ನಿಮ್ಮ ಪತ್ರ ನಾಲ್ಕು ಸಲ ಓದಿದೆ. ಒಂದು ವಿಷಯ ಕೇಳಬಹುದಾ? ನನ್ನ ಹಿಂದಿನ ಪತ್ರವನ್ನ ನಿಮಗೆ ಪೂರ್ತಿ ಓದಿ ಹೇಳಿದರಾ? ಎರಡೂ ಮಗ್ಗುಲು?

ಇತಿ,
ಆ ಹುಡುಗಿ


ಏಪ್ರಿಲ್ 12

ಕಡ್ಡಿ,

ಇದು ನಾನು, ಬ್ರೇಕ್, ಮಾತು ಅಲ್ಲಲ್ಲೇ ನಿಲ್ಲುತ್ತೆ ಅಂತ ನೀನೇ ಹೆಸರಿಟ್ಟವನು. ಈ ಸಲ ನನ್ನ ಅಕ್ಷರದಲ್ಲಿ ನನ್ನದೇ ಮಾತು.

ಅಂಚೇಲಿ ಹಾಕಿದರೆ ಮೇಡಂ ಒಡೆದು ಓದ್ತಾರೆ ಅಂತ ನಿಮ್ಮಮ್ಮನ ಇಸ್ತ್ರಿ ಅಂಗಡಿಗೆ ಹೋದೆ. ಭಾನುವಾರ ನಿನ್ನ ನೋಡೋಕೆ ಬರುವಾಗ ಕೊಡಿ, ಶಾಲೆಯ ನೋಟ್ಸು ಅಂದೆ. ಅವರಿಗೆ ಓದೋಕೆ ಬರಲ್ಲ ಅಂತ ನನಗೆ ಗೊತ್ತಿತ್ತಲ್ಲ. "ನೀನೊಬ್ಬನಾದರೂ ಅವಳನ್ನ ನೆನಪಿಟ್ಟುಕೊಂಡಿದೀಯಲ್ಲಪ್ಪ" ಅಂತ ನನ್ನ ಕಾಲರ್ ಸರಿ ಮಾಡಿದರು.

ಹೌದು, ನಾನು ಪೂರ್ತಿ ಓದಲಿಲ್ಲ. ಸ್ವೆಟರ್ ವಿಷಯ ಬಂದಾಗ ನಾಲಿಗೆ ಹೊರಳಲಿಲ್ಲ, ಹಾಗೇ ಹಾರಿಸಿದೆ. ನಾನು ತಡವರಿಸಿ ಓದೋದು ಅಪ್ಪನಿಗೆ ಹೊಸದಲ್ಲ, ಅನುಮಾನ ಬರಲಿಲ್ಲ. ಮೊದಲ ಪತ್ರದಲ್ಲಿ ಅಪ್ಪ "ನನ್ನ ಮಗನೂ ನಿನ್ನ ಶಾಲೆಯವನೇ" ಅಂತ ಹೇಳಿ ಬರೆಸಿದರು. ಅದನ್ನೂ ಬಿಟ್ಟೆ. ಬಟ್ಟೆ ಒತ್ತಿ ಹಿಡಿದ ಹೆಣ್ಣುಮಗಳ ಮಾತು ಮಾತ್ರ ಬೇಕಂತಲೇ ಬರೆದೆ. ನಾನು ಮುಚ್ಚಿಟ್ಟಿದ್ದು ನಿನಗೆ ಗೊತ್ತಾಗಲಿ, ನೀನೇ ನನ್ನ ಬೈದು ಬರೀಲಿ, ಎಲ್ಲ ಹೊರಗೆ ಬಿದ್ದುಹೋಗಲಿ ಅಂತ. ನೀನು ಬೈಲಿಲ್ಲ.

ಅವತ್ತು ಅಪ್ಪನಿಗೆ ಆ ರೂಟು ಇರಲಿಲ್ಲ. ಯಾರೋ ರಜ ಹಾಕಿದರು ಅಂತ ಬದಲಿಗೆ ಹೋಗಿದ್ದರು. ನಿನ್ನ ಕಲ್ಲು ರಸ್ತೆ ಪಕ್ಕ ಬಿತ್ತು. ನಾನು "ನೋಡು, ಹೀಗೆ ಎಸೀಬೇಕು" ಅಂದೆ. ಎಸೆದೆ. ಸದ್ದು ಕೇಳಿ ಓಡಿದೆ. ನೀನು ಕೆಳಗಿಳಿದೆ, ನಾನು ಆಚೆ ಮೆಟ್ಟಿಲಿನಿಂದ ಓಡಿದೆ. ಮನೆಗೆ ಹೋಗಿ ಲೆಕ್ಕದ ಪುಸ್ತಕ ತೆಗೆದು ಕೂತೆ. ಐದೂವರೆಗೆ ಪಕ್ಕದ ಮನೆಯವರು ಬಾಗಿಲು ಬಡಿದು "ನಿಮ್ಮಪ್ಪನ ಬಸ್ಸಿಗೆ ಯಾರೋ ಕಲ್ಲು ಹೊಡೆದಿದಾರೆ" ಅಂದರು. ನನಗೆ ಕಿವಿ ಕೇಳಿಸೋದು ನಿಂತುಹೋಯ್ತು. ನಿಜವಾಗಲೂ ನಿಂತುಹೋಯ್ತು, ಅವರ ಬಾಯಿ ಆಡೋದು ಮಾತ್ರ ಕಾಣ್ತಿತ್ತು.

ದಿನಕ್ಕೆ ನಾಲ್ಕು ಸಲ ಆ ಕಣ್ಣು ಬಿಡಿಸಿ ನೋಡ್ತೀನಿ. ಅಪ್ಪ ಎಲ್ಲರ ಹತ್ತಿರ ನನ್ನ ಹೊಗಳ್ತಾರೆ.

ನೀನು ಜೂನ್‌ನಲ್ಲಿ ಹೊರಗೆ ಬರಬೇಕು. ಹೆಸರು ಹೇಳಿಬಿಡು. ನನ್ನ ಬಾಯಿಂದ ಬರ್ತಿಲ್ಲ.

ನಿನ್ನ,
ಬ್ರೇಕ್


ಏಪ್ರಿಲ್ 27

ಬ್ರೇಕ್,

ಅಮ್ಮ "ನೋಟ್ಸು" ಅಂತ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ನಾನು ಅವರ ಎದುರಿಗೇ ಬಿಚ್ಚಿ, ಓದೋ ಹಾಗೆ ನಟಿಸಿ, ಚೆನ್ನಾಗಿದೆ ಅಂದೆ. ಇಂಥ ಕೆಲಸ ಇನ್ನೊಂದು ಸಲ ಮಾಡಿದರೆ ಚೆನ್ನಾಗಿರಲ್ಲ. ಬೇರೆ ದಾರಿ ಇಲ್ಲದೆ ಈ ಉತ್ತರ ಮಾತ್ರ ನಾನೂ ಅಮ್ಮನ ಕೈಯಲ್ಲೇ ಕಳಿಸ್ತಿದೀನಿ.

"ಆ ಇನ್ನೊಬ್ಬ ಯಾರು" ಅಂತ ನಿನ್ನ ಕೈಯಕ್ಷರದಲ್ಲಿ ಓದಿದಾಗ ಏನಾಯ್ತು ಗೊತ್ತಾ? ಮೊದಲು ನಗು ಬಂತು. ಆಮೇಲೆ ಆ ಸಾಲನ್ನ ಮತ್ತೆ ಮತ್ತೆ ಓದಿದೆ. ಒಂದು ಕಾಗುಣಿತ ತಪ್ಪಿಲ್ಲ. ಹೇಗೋ ಬರೆದೆ?

ನಿನ್ನ ಉಳಿಸೋಕೆ ಸುಳ್ಳು ಹೇಳಿದೆ ಅಂದುಕೋಬೇಡ. ನಾನೂ ಎಸೆದವಳು. ನನ್ನ ಗುರಿ ಸರಿ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಗುರಿ ತಪ್ಪಿತು ಅಂತ ಒಳ್ಳೆಯವಳಾಗ್ತೀನಾ? ಅದಕ್ಕೇ ಪೊಲೀಸಿನವರು ಕೇಳಿದಾಗ "ನಾನೇ" ಅಂದೆ. ಆದರೆ ಒಬ್ಬಳೇ ಅಂದಿದ್ದು ನಿಮ್ಮಪ್ಪನಿಗೋಸ್ಕರ. ಬಟ್ಟೆ ಒತ್ತಿ ಹಿಡಿದಾಗಲೇ ಮುಖ ಗುರುತು ಸಿಕ್ಕಿತ್ತು ನನಗೆ, ಶಾಲೆ ಗೇಟಿನಲ್ಲಿ ನಿನ್ನ ಇಳಿಸಿ ಹೋಗ್ತಿದ್ದರಲ್ಲ. ಕೈ ಪೂರ್ತಿ ಬಿಸಿ ಬಿಸಿ ರಕ್ತ. ಅವರು ಕೇಳಿದ್ದು ಬಸ್ಸಿನವರ ವಿಷಯ. ಅಂಥ ಮನುಷ್ಯನಿಗೆ, ನಿಮ್ಮ ಮಗನೇ ಅಂತ ಹೇಗೆ ಹೇಳ್ಲಿ?

ಮೊದಲ ತಿಂಗಳು ನಿನ್ನ ಮೇಲೆ ಎಷ್ಟು ಸಿಟ್ಟಿತ್ತು ಅಂದರೆ ಸುತ್ತಿದ ತಂತಿ ಎಲ್ಲ ತುಂಡಾಗ್ತಿತ್ತು. ಮೇಷ್ಟ್ರು "ತಂತಿ ನಿನಗೇನು ಮಾಡಿತ್ತು?" ಅಂತ ಕೂಗಿದರು. ಈಗ ತುಂಡಾಗಲ್ಲ. ಹೋದ ವಾರ ಒಂದು ಪಂಪಿನ ಮೋಟರ್ ನಾನೊಬ್ಬಳೇ ಕಟ್ಟಿದೆ. ಸ್ವಿಚ್ಚು ಹಾಕಿದಾಗ ತಿರುಗಿತು. ಎಲ್ಲ ಹುಡುಗಿಯರೂ ಚಪ್ಪಾಳೆ ತಟ್ಟಿದರು, ಅಡುಗೆಯವಳು ಸೌಟು ಹಿಡ್ಕೊಂಡೇ ಓಡಿಬಂದಳು. ಅಂಥ ಖುಷಿ ನನಗೂ ಬರುತ್ತೆ ಅಂತ ಗೊತ್ತಿರಲಿಲ್ಲ.

ನಾನು ಹೆಸರು ಹೇಳಲ್ಲ. ನೀನು ಹೇಳು, ಮಂಡಳಿಗಲ್ಲ, ಮೊದಲು ನಿಮ್ಮಪ್ಪನಿಗೆ. ಹೇಳೋ ತನಕ ನನಗೆ ಬರೀಬೇಡ.

ಇತಿ,
ಕಡ್ಡಿ


ಮೇ 30

ಮಗು,

ಅಕ್ಷರ ಸೊಟ್ಟಪಟ್ಟ ಆದರೆ ಬೇಜಾರು ಮಾಡ್ಕೋಬೇಡ. ಈ ಸಲ ನಾನೇ ಬರೀತಿದೀನಿ. ಡಾಕ್ಟರು ಸ್ವಲ್ಪ ಸ್ವಲ್ಪ ಓದು ಬರಹ ಮಾಡಬಹುದು ಅಂದಿದಾರೆ, ಹೆಂಡತಿ ಅಂಗಡಿಯಿಂದ ಭೂತಗನ್ನಡಿ ತಂದುಕೊಟ್ಟಿದಾಳೆ. ಈ ಪತ್ರಕ್ಕೆ ಮೂರು ದಿನ ಹಿಡೀತು.

ಈ ತಿಂಗಳ ಹದಿನಾಲ್ಕಕ್ಕೆ, ಬೆಳಗಿನ ಔಷಧಿ ಬಿಡುವಾಗ ಮಗನ ಕೈ ತಪ್ಪಿತು. ಹನಿ ಕೆನ್ನೆ ಮೇಲೆ ಬಿತ್ತು. ಏನೋ, ನಿದ್ದೆ ಬಿಟ್ಟಿಲ್ವಾ ಅಂದೆ. "ಅಪ್ಪಾ, ಆ ಇನ್ನೊಬ್ಬ ನಾನೇ" ಅಂದ. ಒಂದು ಸಲಾನೂ ತಡವರಿಸಲಿಲ್ಲ. ಹುಟ್ಟಿದಾಗಿನಿಂದ ಅವನು ಅಷ್ಟು ನೆಟ್ಟಗೆ ಒಂದು ಮಾತು ಆಡಿದ್ದು ನಾನು ಕೇಳಿಲ್ಲ.

ನಾನು ನಕ್ಕೆ. ತಮಾಷೆ ಅಂದುಕೊಂಡೆ. ಮುಖ ನೋಡಿದೆ. ಆಮೇಲೆ ಅವನ ಕೈಯಿಂದ ಬಾಟಲಿ ಕಿತ್ಕೊಂಡು ನಾನೇ ಬಿಟ್ಕೊಳ್ಳೋಕೆ ಹೋದೆ. ಮೂಗಿನ ಮೇಲೆ ಬಿತ್ತು, ಗದ್ದದ ಮೇಲೆ ಬಿತ್ತು. ಅರ್ಧ ಬಾಟಲಿ ಖಾಲಿ ಮಾಡಿದೆ, ಕಣ್ಣಿಗೆ ಒಂದು ಹನಿ ಹೋಗಲಿಲ್ಲ. ಹೊಡೀತೀನಿ ಅಂತ ಕಾದು ನಿಂತಿದ್ದ. ಕೈ ಎತ್ತೋಕೂ ತ್ರಾಣ ಇರಲಿಲ್ಲ ನನಗೆ. ರಜ ಇದ್ದರೂ ಡಿಪೋಗೆ ಹೋಗಿ ಸ್ಟೋರಿನ ಶಟರ್ ಅರ್ಧ ಎಳ್ಕೊಂಡು ಕೂತೆ. ಒಂದು ಡಬ್ಬದ ಬೋಲ್ಟು ಇನ್ನೊಂದು ಡಬ್ಬಕ್ಕೆ ಹಾಕಿದೆ, ಅದರಿಂದ ಮತ್ತೆ ಇದಕ್ಕೆ ಹಾಕಿದೆ. ಸಂಜೆವರೆಗೂ ಅದೇ.

ಹೆಂಡತಿಗೆ ಹೇಳಿದಾಗ ಅವಳು ಅಳಲಿಲ್ಲ. ಕಿಟಕಿ ಮುಚ್ಚಿದಳು. "ಆ ಹುಡುಗಿ ಹೇಗೂ ಒಳಗಿದಾಳಲ್ಲ. ಒಬ್ಬಳೇ ಇದ್ದೆ ಅಂತ ಅವಳೇ ಬರೆದು ಕೊಟ್ಟಿದಾಳೆ. ಸುಮ್ಮನಿರಿ" ಅಂದಳು. ಹದಿನೆಂಟು ವರ್ಷ ಸಂಸಾರ ಮಾಡಿದವಳ ಬಾಯಲ್ಲಿ ಆ ಮಾತು ಕೇಳಿ ನನಗೆ ಉಸಿರು ಕಟ್ಟಿತು. ಆದರೆ ನಿನ್ನ ಹತ್ತಿರ ನಿಜ ಹೇಳಬೇಕು. ಉಸಿರು ಕಟ್ಟಿದ್ದು ಒಂದು ಕ್ಷಣ. ಆಮೇಲೆ ಮನಸ್ಸಿಗೆ ಹಾಯೆನಿಸಿತು. ಸರಿ ಅಂತ ನಾನೂ ಸುಮ್ಮನಾದೆ. ಒಂಬತ್ತು ದಿನ! ಅವನ ಹೆಸರು ಹೇಳು ಅಂತ ನಿನ್ನ ಪ್ರಾಣ ತಿಂದವನು, ಹೆಸರು ಗೊತ್ತಾದ ಮೇಲೆ ಒಂಬತ್ತು ದಿನ ಬಾಯಿ ಹೊಲ್ಕೊಂಡು ಕೂತೆ. ಊಟ ಮಾಡಿದೆ, ಕೆಲಸಕ್ಕೆ ಹೋದೆ. ನಾನು ಇಂಥವನಾ ಅಂತ ಈಗಲೂ ನಂಬೋಕಾಗ್ತಿಲ್ಲ.

ಹತ್ತನೇ ದಿನ ಮಧ್ಯಾಹ್ನ ಭೂತಗನ್ನಡಿ ಹಿಡ್ಕೊಂಡು ಏನು ಓದಲಿ ಅಂತ ಹುಡುಕಿದೆ. ನಿನ್ನ ಪತ್ರ ಸಿಕ್ಕಿತು. ಒಂದೊಂದೇ ಅಕ್ಷರ ಕೂಡಿಸಿ ಓದ್ತಾ ಸ್ವೆಟರ್ ಹತ್ತಿರ ಬಂದೆ. ಮಗ ಇದನ್ನ ಓದಿರಲೇ ಇಲ್ಲ. ಯಾರಿಗೂ ಏನೂ ಆಗಿಲ್ವಲ್ಲ ಅಂತ ನಾನು ಕೇಳಿದ್ದು ನನಗೆ ನೆನಪೇ ಇಲ್ಲ. ಆ ಕೈ ನಿನ್ನದು ಅಂತಲೂ ಗೊತ್ತಿರಲಿಲ್ಲ. ಆ ಹೆಣ್ಣುಮಗಳನ್ನ ನೋಡಿ ಕಲಿ ಅಂತ ನಿನಗೇ ಬರೆಸಿದ್ದೆನಲ್ಲ! ಭೂತಗನ್ನಡಿ ಕೆಳಗಿಟ್ಟು ಮಗನನ್ನ ಕರೆದೆ. ನಾಳೆ ಹೋಗೋಣ ಅಂದೆ. ಎಲ್ಲಿಗೆ ಅಂತ ಅವನು ಕೇಳಲಿಲ್ಲ. ಮಂಚದ ಕೆಳಗಿಂದ ಬ್ಯಾಗು ಎಳೆದ. ಎರಡು ಜೊತೆ ಬಟ್ಟೆ, ಹಲ್ಲುಜ್ಜೋ ಬ್ರಷ್ಷು, ಲೆಕ್ಕದ ಪುಸ್ತಕ. ಒಂಬತ್ತು ದಿನದಿಂದ ತಯಾರಾಗಿ ಇಟ್ಟುಕೊಂಡು ಕಾದಿದ್ದ, ನಾನು ಯಾವಾಗ ಕರೀತೀನಿ ಅಂತ.

ಬಸ್ಸಿನಲ್ಲೇ ಹೋದೆವು. ಮಂಡಳಿ ಆಫೀಸಿನಲ್ಲಿ ಗುಮಾಸ್ತರು ನನ್ನ ಕಣ್ಣು ನೋಡಿ ಕುರ್ಚಿ ಕೊಟ್ಟರು. "ದೂರು ಕೊಡೋಕೆ ಬಂದಿರಾ?" ಹೌದು ಅಂದೆ. "ಯಾರ ಮೇಲೆ?" ಅಂದರು. ಮಗ ಕೈ ಎತ್ತಿದ. ಶಾಲೇಲಿ ಹಾಜರಿ ಕೂಗಿದಾಗ ಎತ್ತೋ ಹಾಗೆ. ಗುಮಾಸ್ತರ ಪೆನ್ನು ಹಾಗೇ ನಿಂತುಹೋಯ್ತು.

ಹೆಂಡತಿ ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಿದಾಳೆ. ತಟ್ಟೆ ಇಟ್ಟು ಹೋಗ್ತಾಳೆ.

ನಿನ್ನ ಪರವಾಗಿ ಮಂಡಳಿಗೆ ಬರೆದು ಕೊಟ್ಟಿದೀನಿ. ಹೆಸರಿಗೆ ಬದಲಾಗಿ ಅಲ್ಲ. ಹಾಗೆ ಚೌಕಾಸಿ ಮಾಡಿದ್ದಕ್ಕೆ ನನಗೆ ನಾಚಿಕೆ ಆಗುತ್ತೆ. ಕ್ಷಮಿಸು ಅಂತ ಕೇಳೋಕೂ ಮುಖ ಇಲ್ಲ, ಆದರೂ ಕೇಳ್ತಿದೀನಿ.

ಇತಿ ನಿನ್ನ,
ಬಸ್ ಡ್ರೈವರ್


ಜೂನ್ 8

ಸರ್,

ಮೇಡಂ ವರ್ಕ್‌ಶಾಪಿಗೆ ಬಂದು ವಿಷಯ ಹೇಳಿದಾಗ ನಾನು ಅರ್ಧ ಸುತ್ತಿನಲ್ಲಿದ್ದೆ. ಲೆಕ್ಕ ತಪ್ಪಿಹೋಯ್ತು. ಖುಷಿ ಆಗಬೇಕಿತ್ತು ಅಲ್ವಾ? ಆಗಲಿಲ್ಲ. ನಾನು ಅವನಿಗೆ ಹೇಳು ಅಂದಿದ್ದು ನಿಮ್ಮ ಹತ್ತಿರ. ನೀವು ಅವನನ್ನ ಕೈ ಹಿಡಿದು ಕರ್ಕೊಂಡು ಹೋಗ್ತೀರಿ ಅಂತ ನನ್ನ ಕನಸಲ್ಲೂ ಇರಲಿಲ್ಲ. ಅವನು ಇಂಥ ಜಾಗದಲ್ಲಿ ಮಲಗೋದು ನೆನೆಸ್ಕೊಂಡು, ಅಷ್ಟು ಹೊತ್ತು ಸುತ್ತಿದ್ದನ್ನೆಲ್ಲ ಬಿಚ್ಚಿಹಾಕಿದೆ.

ಮಂಡಳಿ ಮುಂದೆ ನನ್ನನ್ನೂ ಮತ್ತೆ ಕರೆದಿದ್ದರು. ಸುಳ್ಳು ಯಾಕೆ ಹೇಳಿದೆ ಅಂದರು. ಒಬ್ಬಳೇ ಅಂದಿದ್ದು ಸುಳ್ಳು, ಎಸೆದೆ ಅಂದಿದ್ದು ನಿಜ ಅಂದೆ. ನೀವೂ ಅದನ್ನ ಮರೀಬೇಡಿ ಸರ್. ನೀವು ನನಗೆ ಮಗು ಅಂತ ಬರೆದಿದೀರಿ. ನಾನೂ ಕಲ್ಲು ಎಸೆದವಳೇ.

ಕ್ಷಮೆ ಎಲ್ಲ ದೊಡ್ಡ ಮಾತು. ಒಂಬತ್ತು ದಿನದ ವಿಷಯ ನೀವು ಬರೀದೇ ಇದ್ದಿದ್ದರೆ ನನಗೆ ಯಾವತ್ತೂ ಗೊತ್ತಾಗ್ತಿರಲಿಲ್ಲ. ಬರೆದಿರಿ. ನನಗೆ ಅಷ್ಟು ಸಾಕು.

ಇತಿ,
ನಿಮ್ಮ ಹುಡುಗಿ


ಆಗಸ್ಟ್ 21

ಬ್ರೇಕ್,

ನಿನ್ನನ್ನ ಹುಡುಗರ ಗೃಹಕ್ಕೆ ಒಂದು ವರ್ಷ ಅಂತ ಕಳಿಸಿ ಐದು ವಾರ ಆಯ್ತು. ಬರೀಬೇಕೋ ಬೇಡವೋ ಅಂತ ಇಷ್ಟು ದಿನ ಒದ್ದಾಡಿದೆ. ಈ ಪತ್ರ ನಿಮ್ಮ ಮೇಲ್ವಿಚಾರಕರು ಒಡೆದು ಓದ್ತಾರೆ, ಓದಲಿ. ಮುಚ್ಚಿಡೋದು ಇನ್ನೇನೂ ಉಳಿದಿಲ್ಲ.

ನಾನು ಹೊರಗೆ ಬಂದು ಒಂದು ತಿಂಗಳಾಯ್ತು. ತಿಂಗಳಿಗೊಂದು ಸಲ ಆಫೀಸಿಗೆ ಹೋಗಿ ಸಹಿ ಹಾಕಬೇಕು, ಅಷ್ಟು. ಮೇಷ್ಟ್ರ ಪರಿಚಯದ ವೈಂಡಿಂಗ್ ಅಂಗಡೀಲಿ ಸೇರಿಸ್ಕೊಂಡಿದಾರೆ. ಮೊದಲ ದಿನ ಮಾಲೀಕರಿಗೆ ನಾನೇ ಎಲ್ಲ ಹೇಳಿಬಿಟ್ಟೆ, ಬೇರೆಯವರಿಂದ ಗೊತ್ತಾಗೋದು ಬೇಡ ಅಂತ. ಅವರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. ಆಮೇಲೆ "ಗಾಜಿನ ಕಪ್ಪು ಆ ಕಡೆ ಇಡು, ಒಡೆದೀಯ" ಅಂದರು. ತಮಾಷೆನೋ ನಿಜನೋ ಇವತ್ತಿಗೂ ಗೊತ್ತಾಗಿಲ್ಲ. ಆದರೆ ಒಂದು ಸುಟ್ಟ ಮೋಟರ್ ನನ್ನ ಮುಂದೆ ತಳ್ಳಿದರು.

ನಿನಗೆ ಹೇಳೋದು ಇದು. ಗೋಡೆ ಪಕ್ಕದ ಮಂಚ ಸಿಕ್ಕರೆ ತಗೋ, ಬೆನ್ನಿಗೆ ಏನಾದರೂ ಇದೆ ಅನ್ನಿಸುತ್ತೆ. ಮೊದಲ ಸಲ ಯಾರಾದರೂ ಏನು ಮಾಡಿ ಬಂದೆ ಅಂತ ಕೇಳಿದಾಗ ನಿಜ ಹೇಳಿಬಿಡು, ತಡವರಿಸಿದರೂ ಪರವಾಗಿಲ್ಲ. ಕೈಗೆ ಏನಾದರೂ ಕೆಲಸ ಕಲಿ, ಯಾವುದಾದರೂ ಸರಿ. ಸುಮ್ಮನೆ ಕೂತರೆ ಆ ಸದ್ದು ಕೇಳಿಸ್ತಾ ಇರುತ್ತೆ.

ನಿನ್ನ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ. ಸುಳ್ಳು ಹೇಳೋಕೆ ಇಷ್ಟ ಇಲ್ಲ. ನಿಮ್ಮಪ್ಪ ಹೇಳಿದರು, ಮಂಡಳಿಯವರು ಮನೇಲೇ ನಿಗಾ ಇಟ್ಟು ಬಿಡ್ತೀವಿ ಅಂದಾಗ ನೀನೇ ಬೇಡ ಅಂದೆಯಂತೆ, ಅವಳು ಎಲ್ಲಿದ್ದಳೋ ನಾನೂ ಅಂಥ ಕಡೆಗೇ ಹೋಗ್ತೀನಿ ಅಂದೆಯಂತೆ. ಅದನ್ನ ಕೇಳಿ ಇನ್ನಷ್ಟು ಸಿಟ್ಟು ಬಂತು. ದಡ್ಡ. ಆದರೆ ಅವತ್ತು ಮಧ್ಯಾಹ್ನ ಕೆಲಸ ಸಾಗಲಿಲ್ಲ ನನಗೆ.

ಈಗ ಮುಖ್ಯ ವಿಷಯ. ಭಾನುವಾರ ನಿಮ್ಮಪ್ಪನ ಜೊತೆ ನಿಮ್ಮಮ್ಮನೂ ಬರ್ತಾರೆ. ಬೆಚ್ಚಿಬೀಳಬೇಡ.

ಅವರನ್ನ ಒಪ್ಪಿಸಿದ್ದು ನಿಮ್ಮಪ್ಪ ಅಲ್ಲ, ನಾನೂ ಅಲ್ಲ. ನಮ್ಮಮ್ಮ. ನಾನು ಹೊರಗೆ ಬಂದ ಮೇಲೆ ಅವರಿಗೆ ಎಲ್ಲ ಹೇಳಿದೆ, ಆ "ನೋಟ್ಸು" ಏನು ಅಂತಲೂ ಹೇಳಿದೆ. ಇಸ್ತ್ರಿಪೆಟ್ಟಿಗೆ ಅಂಗಿ ಮೇಲೇ ಮರೆತು ನಿಂತರು, ಗಿರಾಕಿಯ ಅಂಗಿ ಸುಟ್ಟು ತೂತಾಯ್ತು. "ನಡಿ, ಅವರ ಮನೆ ತೋರಿಸು" ಅಂದರು. ದಾರಿ ಪೂರ್ತಿ ಬೈಗುಳ ಪೋಣಿಸ್ಕೊಂಡು ಬಂದರು. ನಾನು ಹಿಂದೆ ಹಿಂದೆ. ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ.

ನಿಮ್ಮಮ್ಮ ಬಾಗಿಲು ತೆಗೆದರು. ಎಷ್ಟು ಇಳಿದುಹೋಗಿದಾರೆ ಗೊತ್ತಾ? ಬಳೆ ಮೊಣಕೈವರೆಗೆ ಜಾರ್ತಿತ್ತು. ನಮ್ಮಮ್ಮ ಬಾಯಿ ತೆರೆದವರು ಹಾಗೇ ನಿಂತರು. ಆಮೇಲೆ ಕೇಳಿದ್ದು ಒಂದೇ ಮಾತು.

"ಹುಡುಗನ್ನ ನೋಡೋಕೆ ಹೋದಿರಾ?"

"ಇಲ್ಲ" ಅಂದರು ನಿಮ್ಮಮ್ಮ. "ಯಾವ ಮುಖ ಇಟ್ಕೊಂಡು ಹೋಗಲಿ? ಅವನು ನಿಜ ಹೇಳಿದ ಮೇಲೂ ಅವರಪ್ಪನಿಗೆ ಸುಮ್ಮನಿರಿ ಅಂದವಳು ನಾನು. ಅವನಿಗೆ ಅದು ಗೊತ್ತಿದೆ."

ನಮ್ಮಮ್ಮ ಹೊಸ್ತಿಲ ಮೇಲೆ ಕೂತುಬಿಟ್ಟರು. "ನನಗೂ ಮುಖ ಇರಲಿಲ್ಲಮ್ಮ" ಅಂದರು. "ಮೊದಲ ಎರಡು ತಿಂಗಳು ನಾನು ಒಳಗೆ ಹೋಗಲಿಲ್ಲ. ಅಂಗಡೀಲಿ ಕೆಲಸ ಜಾಸ್ತಿ ಅಂತ ಸುಳ್ಳು ಹೇಳಿ ಕಳಿಸ್ತಿದ್ದೆ. ಪ್ರತಿ ಭಾನುವಾರ ಗೇಟಿನ ತನಕ ಹೋಗ್ತಿದ್ದೆ. ಕಾವಲಿನವನು ಯಾರನ್ನ ನೋಡಬೇಕು ಅಂತ ಕೇಳ್ತಿದ್ದ. ಯಾರನ್ನೂ ಇಲ್ಲ ಅಂತ ವಾಪಸ್ ಬರ್ತಿದ್ದೆ. ನೀವು ಹಾಗೆ ಮಾಡಬೇಡಿ."

ಬ್ರೇಕ್, ಇದು ನನಗೆ ಗೊತ್ತೇ ಇರಲಿಲ್ಲ. ಅವರ ಬೆನ್ನ ಹಿಂದೆ ನಿಂತು ಕೇಳಿಸ್ಕೊಂಡೆ. ಆ ಎರಡು ತಿಂಗಳು ಭಾನುವಾರ ಬಂದರೆ ನಾನು ತಲೆ ಬಾಚ್ಕೊಂಡು ಹಜಾರದ ಬೆಂಚಿನ ಮೇಲೆ ಕೂತಿರ್ತಿದ್ದೆ, ಹೆಸರು ಕೂಗ್ತಾರೆ ಅಂತ. ಎಲ್ಲರ ಹೆಸರೂ ಕೂಗ್ತಿದ್ದರು. ಅಮ್ಮ ನನ್ನ ಕೈಬಿಟ್ಟಳು ಅಂದುಕೊಂಡೇ ಒಳಗೆ ಹೋಗ್ತಿದ್ದೆ. ಅವರು ಗೋಡೆಯ ಆಚೆ ಇದ್ದರು.

ಅದಕ್ಕೇ ಹೇಳ್ತಿದೀನಿ. ಭಾನುವಾರ ಬೇಗ ಎದ್ದು ರೆಡಿಯಾಗಿರು. ಹೆಸರು ಕೂಗಿದ ಕೂಡಲೇ ಓಡಿ ಬಾ. ನಾನು ಗೇಟಿನ ಹತ್ತಿರ ನಿಂತಿರ್ತೀನಿ. ಒಳಗೆ ಕಾಲಿಡೋ ಧೈರ್ಯ ನನಗಿನ್ನೂ ಬಂದಿಲ್ಲ. ಆದರೆ ನಿಮ್ಮಮ್ಮ ಹಿಂದೆ ತಿರುಗಿದರೆ ತಡೆಯೋಕೆ ಅಲ್ಲಿ ಒಬ್ಬರು ಇರಬೇಕಲ್ಲ.

ಇತಿ,
ಕಡ್ಡಿ